ಕಿರಿಯ ರಾಣಿ ಯಾರು? ಒಂದು ಕಣಿಯ ಸುತ್ತ ಎರಡು ದಶಕದ ಊಹೆಗಳು

ಲ್ಯಾನಿಸ್‌ಪೋರ್ಟ್‌ನಲ್ಲಿ ಕುದುರೆಯೇರಿದ ಯೋಧರ ಈಟಿ ಕಾಳಗದ ಉತ್ಸವ. ಆ ಸೀಮೆಯ ದೊರೆಯ ಮಗಳು ಸೆರ್ಸಿ ಲ್ಯಾನಿಸ್ಟರ್‌ಗೆ ಆಗ 10 ವರ್ಷ. ಗೆಳತಿಯರಿಬ್ಬರನ್ನು ಕಟ್ಟಿಕೊಂಡು ಕಣಿ ಹೇಳುವ ಮುದುಕಿಯೊಬ್ಬಳ ಗುಡಾರಕ್ಕೆ ನುಗ್ಗುತ್ತಾಳೆ. ಮುದುಕಿ ಕಣ್ಣು ಬಿಟ್ಟದ್ದೇ ತಡ, ಒಬ್ಬಳು ಓಟ ಕೀಳುತ್ತಾಳೆ. ಮೆಲಾರಾ ಎಂಬ ಇನ್ನೊಬ್ಬಳು ನಿಲ್ಲುತ್ತಾಳೆ. ಸೆರ್ಸಿಯ ರಕ್ತದ ರುಚಿ ನೋಡಿದ ಮುದುಕಿ ಮೂರು ಪ್ರಶ್ನೆಗೆ ಉತ್ತರ ಕೊಡುತ್ತಾಳೆ. ಯುವರಾಜನ ಕೈಹಿಡಿಯುವ ಆಸೆ ಬಿಡಬೇಕು, ಸಿಗುವುದು ರಾಜ. ರಾಣಿಪಟ್ಟ ಖಚಿತ, ಆದರೆ ಪ್ರಾಯದಲ್ಲಿ ಕಿರಿಯಳೂ ಚೆಲುವಿನಲ್ಲಿ ಮಿಗಿಲೂ ಆದ ಇನ್ನೊಬ್ಬಳು ಬಂದು ಅವಳನ್ನು ಕೆಳಗುರುಳಿಸಿ, ಪ್ರಿಯವಾದದ್ದನ್ನೆಲ್ಲ ಕಿತ್ತುಕೊಳ್ಳುವ ತನಕ ಮಾತ್ರ. ಗಂಡನಿಗೆ 16 ಮಕ್ಕಳು, ಅವಳಿಗೆ 3. ಆ ಮೂವರಿಗೂ ಚಿನ್ನದ ಕಿರೀಟ, ಮೂವರೂ ಅವಳಿಗಿಂತ ಮೊದಲೇ ಹೆಣವಾಗುತ್ತಾರೆ. ಕೊನೆಗೆ ಅವಳ ಕತ್ತು ಹಿಸುಕುವುದು ಒಬ್ಬ ‘ವ್ಯಾಲೊಂಕಾರ್’, ಅಂದರೆ ತಮ್ಮ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ನಾಲ್ಕನೆಯ ಪುಸ್ತಕ ‘ಎ ಫೀಸ್ಟ್ ಫಾರ್ ಕ್ರೋಸ್’ 2005ರಲ್ಲಿ ಈ ಕಣಿಯನ್ನು ಓದುಗರ ಮುಂದಿಟ್ಟಿತು. ಆ ಇನ್ನೊಬ್ಬಳು ಯಾರು ಎಂಬ ಜಗಳ ಅಂದಿನಿಂದ ನಿಂತಿಲ್ಲ. ಏಳು ಪುಸ್ತಕಗಳ ಯೋಜನೆಯಲ್ಲಿ ಐದು ಬಂದಿವೆ, ಐದನೆಯದು 2011ರಲ್ಲಿ. ಉತ್ತರವಿರಬೇಕಾದ ‘ದಿ ವಿಂಡ್ಸ್ ಆಫ್ ವಿಂಟರ್’ಗಾಗಿ ಕಾಯುತ್ತಾ ಕಾಯುತ್ತಾ ಓದುಗರೇ ಉತ್ತರಗಳನ್ನು ಹೆಣೆದಿದ್ದಾರೆ. ಅವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ನೋಡುವುದು ಇಲ್ಲಿಯ ಕೆಲಸ. ಕಥೆ ಗೊತ್ತಿಲ್ಲದವರು, ಮುಂದೆ ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸುವುದು ಕ್ಷೇಮ. ಗುಟ್ಟುಗಳನ್ನೆಲ್ಲ ಬಿಚ್ಚದೆ ಈ ಚರ್ಚೆ ಸಾಧ್ಯವಿಲ್ಲ.

ಮೊದಲು ಒಂದು ಸಂಗತಿ. ಈ ಕಣಿ ಕಥೆಯ ಬುಡದಲ್ಲಿದ್ದದ್ದಲ್ಲ. 1993ರಲ್ಲಿ ಮಾರ್ಟಿನ್ ತಮ್ಮ ಏಜೆಂಟರಿಗೆ ಬರೆದ ಯೋಜನಾ ಪತ್ರ 2015ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ಇದ್ದದ್ದು ಮೂರೇ ಪುಸ್ತಕಗಳ ಕಥೆ. ಸಿಂಹಾಸನಕ್ಕಾಗಿ ಕೊಲೆಗಳನ್ನು ಮಾಡಿ ಪಟ್ಟವೇರಿ, ಅಪವಾದವನ್ನು ತಮ್ಮ ಟಿರಿಯನ್ ತಲೆಗೆ ಕಟ್ಟುವವನು ಸೆರ್ಸಿಯ ಅವಳಿ ಜೇಮಿ. ಓದಲು ಸಿಗುವ ಭಾಗದಲ್ಲಿ ಕಣಿಯ ಸುಳಿವೇ ಇಲ್ಲ, ಸೆರ್ಸಿಗೆ ಹೇಳಿಕೊಳ್ಳುವಂಥ ಪಾತ್ರವೂ ಇಲ್ಲ. ಮೊದಲ ಮೂರು ಪುಸ್ತಕಗಳಲ್ಲಿ ಅವಳನ್ನು ನಾವು ಬೇರೆಯವರ ಕಣ್ಣಲ್ಲೇ ನೋಡುತ್ತೇವೆ. ನಾಲ್ಕನೆಯದರಲ್ಲಿ ಲೇಖಕ ಮೊದಲ ಸಲ ಅವಳ ತಲೆಯೊಳಗೆ ಇಳಿಯುತ್ತಾರೆ, ಅದೂ ಹತ್ತು ಅಧ್ಯಾಯಗಳ ಉದ್ದಕ್ಕೆ. ಕಣಿ ಹುಟ್ಟುವುದು ಅಲ್ಲಿ. ಅಷ್ಟು ಹೊತ್ತಿಗೆ ಯುವರಾಜ ರೇಗಾರ್ ಸತ್ತಾಗಿದೆ, ರಾಬರ್ಟ್ ರಾಜನ ಜೊತೆಗಿನ ದಾಂಪತ್ಯ ಮುಗಿದಾಗಿದೆ, ಹಿರಿಮಗ ಜಾಫ್ರಿ ತನ್ನ ಮದುವೆಯ ಊಟದಲ್ಲೇ ವಿಷಕ್ಕೆ ಬಲಿಯಾಗಿದ್ದಾನೆ. ಆದದ್ದನ್ನು ಮುಂಚೆಯೇ ಹೇಳಿದ್ದಳು ಎಂದು ತೋರಿಸಿ ಆಗದ್ದನ್ನು ನಂಬಿಸುವುದು ಕಣಿ ಹೇಳುವವರ ಹಳೇ ಪಟ್ಟು. ಲೇಖಕರೂ ಅದನ್ನೇ ಬಳಸಿದ್ದಾರೆ. ಕಣಿಯ ಅರ್ಧ ನಿಜವಾದದ್ದನ್ನು ಕಂಡ ಓದುಗರು ಉಳಿದರ್ಧಕ್ಕೆ ಕಣ್ಣುಮುಚ್ಚಿ ಸಾಲ ಕೊಟ್ಟರು.

ಮಾರ್ಟಿನ್ ಲೋಕದಲ್ಲಿ ಭವಿಷ್ಯವಾಣಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸೆರ್ಸಿಯ ಕಣಿಗಿಂತ ಒಳ್ಳೆಯ ಮಾದರಿ ಮೂರನೆಯ ಪುಸ್ತಕ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ನಲ್ಲಿದೆ. ಹೈ ಹಾರ್ಟ್ ಎಂಬ ಗುಡ್ಡದ ಮೇಲೆ ಒಬ್ಬ ಕುಳ್ಳಿ ಮುದುಕಿ ತನ್ನ ಕನಸುಗಳನ್ನು ಹೇಳಿ ಬದಲಿಗೆ ಹಾಡು ಕೇಳುತ್ತಾಳೆ. ಔತಣದಲ್ಲಿ ಕೂತ ಹುಡುಗಿಯೊಬ್ಬಳ ಮುಡಿಯಲ್ಲಿ ನೇರಳೆ ಹಾವುಗಳು, ಅವುಗಳ ಹಲ್ಲಿನಿಂದ ತೊಟ್ಟಿಕ್ಕುವ ವಿಷ: ಇದು ಅವಳು ಕಂಡದ್ದು. ಓದುಗನಿಗೆ ತಲೆಬುಡ ತಿಳಿಯುವುದಿಲ್ಲ. ನೂರಾರು ಪುಟ ದಾಟಿದ ಮೇಲೆ ಜಾಫ್ರಿಯ ಮದುವೆ ಬರುತ್ತದೆ. ಆಸ್ಥಾನದಲ್ಲಿ ಒತ್ತೆಯಾಗಿದ್ದ ಸಾನ್ಸಾ ಸ್ಟಾರ್ಕ್ ಮುಡಿಗೆ ಹಾಕಿಕೊಂಡದ್ದು ಹರಳು ಪೋಣಿಸಿದ ಬಲೆ. ಹಿಂದಿನ ಪುಸ್ತಕದಲ್ಲೇ ಒಬ್ಬ ಕುಡುಕ ವಿದೂಷಕ ಅವಳಿಗೆ ಕೊಟ್ಟದ್ದು. ಔತಣದ ಹೊತ್ತಿಗೆ ವಧುವಿನ ಅಜ್ಜಿ ಒಲೆನ್ನಾ ಮಾತಾಡಿಸುತ್ತಾ ಅಕ್ಕರೆಯಿಂದ ಆ ಬಲೆಯನ್ನು ಸರಿಮಾಡುತ್ತಾಳೆ. ರಾಜ ಸತ್ತು, ಸಾನ್ಸಾ ತಪ್ಪಿಸಿಕೊಂಡು ಓಡುವಾಗ ಬಲೆ ಬಿಚ್ಚಿ ನೋಡಿದರೆ ಒಂದು ಹರಳು ಇಲ್ಲ. ಹರಳೇ ವಿಷ. ಮುದುಕಿ ಕಂಡ ಚಿತ್ರ ಅಕ್ಷರಶಃ ನಿಜ; ಆದರೆ ವಿಷ ಹಾಕಿದ್ದು ಯಾರು ಎಂಬುದು ಅದರಲ್ಲಿ ಇರಲಿಲ್ಲ. ಹಾವು ಹುಡುಗಿಯ ತಲೆಯ ಮೇಲಿತ್ತು, ಹುಡುಗಿ ಮಾತ್ರ ನಿರಪರಾಧಿ.

ಅದೇ ಮುದುಕಿ ಇನ್ನೊಂದು ಕನಸನ್ನೂ ಹೇಳಿದ್ದಳು. ಹಿಮದ ಕೋಟೆಯಲ್ಲಿ ಅದೇ ಹುಡುಗಿ ಒಬ್ಬ ದೈತ್ಯನನ್ನು ಕೊಲ್ಲುತ್ತಾಳೆ. ಆ ಪುಸ್ತಕದ ಕೊನೆಯಲ್ಲಿ ಸಾನ್ಸಾ ಹಿಮದಲ್ಲಿ ತನ್ನ ತವರಿನ ಕೋಟೆ ಕಟ್ಟಿ ಆಡುವಾಗ ಪುಟ್ಟ ಸೋದರಬಂಧುವಿನ ಗೊಂಬೆಯ ತಲೆ ಕಿತ್ತುಬರುತ್ತದೆ. ಇಷ್ಟೇ ಎಂದರು ಕೆಲವರು. ಇಲ್ಲ, ದೈತ್ಯನೆಂದರೆ ಅವಳನ್ನು ಅಡಗಿಸಿಟ್ಟ ಸಂಚುಗಾರ ಲಿಟಲ್‌ಫಿಂಗರ್, ಅವನ ಮನೆತನದ ಹಳೆಯ ಲಾಂಛನವೇ ದೈತ್ಯನ ತಲೆ ಎಂದರು ಇನ್ನು ಕೆಲವರು. ಎರಡೂ ಸರಿಹೊಂದುತ್ತವೆ. ನಮ್ಮ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರ್ಣಿಕ ನುಡಿದಾಗ ರೈತ ಮಳೆಬೆಳೆಗೂ ರಾಜಕಾರಣಿ ಕುರ್ಚಿಗೂ ಅದನ್ನು ಹೊಂದಿಸಿಕೊಳ್ಳುವ ಹಾಗೆ.

ಈ ವಿಷಯದಲ್ಲಿ ಮಾರ್ಟಿನ್ ಎಚ್ಚರಿಕೆ ಕೊಡದೆ ಇಲ್ಲ. ಇಂಗ್ಲೆಂಡಿನ ಗುಲಾಬಿ ಯುದ್ಧಗಳ ಕಾಲದ ಒಂದು ಕಥೆಯನ್ನು ಅವರು ಸಂದರ್ಶನದಲ್ಲಿ ಹೇಳಿದ್ದಾರೆ. ಕೋಟೆಯೊಂದರ ಗೋಡೆಯಡಿ ನಿನ್ನ ಸಾವು ಎಂದು ಕಣಿ ಕೇಳಿದ ಪ್ರಭುವೊಬ್ಬ ಆ ಕೋಟೆಯ ದಿಕ್ಕಿಗೇ ಹೋಗಲಿಲ್ಲ. ಕೊನೆಗೆ ಸತ್ತದ್ದು ಒಂದು ಹೋಟೆಲಿನ ಮುಂದೆ, ಅದರ ಫಲಕದಲ್ಲಿ ಕೋಟೆಯ ಚಿತ್ರವಿತ್ತು. ಕಥೆ ಸಾಮರ್ಸೆಟ್‌ನ ಡ್ಯೂಕ್ ಎಡ್ಮಂಡ್ ಬೋಫರ್ಟ್‌ನದು, ಕಾಳಗ 1455ರ ಸೇಂಟ್ ಆಲ್ಬನ್ಸ್‌ನದು. ಶೇಕ್ಸ್‌ಪಿಯರ್ ಕೂಡ ನಾಟಕದಲ್ಲಿ ಬಳಸಿಕೊಂಡ ಪ್ರಸಂಗ. ಇಂಥ ಕಥೆಯನ್ನು ಮೆಚ್ಚುವ ಲೇಖಕ ಕಣಿಯನ್ನು ನೇರ ಉತ್ತರವಿರುವ ಒಗಟಾಗಿ ಬರೆದಿರಲಾರ.

ಇನ್ನು ಹುರಿಯಾಳುಗಳ ಪಟ್ಟಿ.

ಸೆರ್ಸಿಯ ಮಟ್ಟಿಗೆ ಅನುಮಾನವೇ ಇಲ್ಲ: ಅದು ಸೊಸೆ ಮಾರ್ಜರಿ ಟೈರೆಲ್. ಹದಿನಾರರ ಹುಡುಗಿ, ಊರಿಗೆಲ್ಲ ಅಚ್ಚುಮೆಚ್ಚು, ಕಿರಿಮಗ ಟಾಮೆನ್‌ನ ಹೆಂಡತಿ. ಅವಳನ್ನು ಮುಗಿಸಲು ಸೆರ್ಸಿ ಮಾಡುವ ಏರ್ಪಾಟೇ ನಾಲ್ಕನೆಯ ಪುಸ್ತಕದ ಬೆನ್ನೆಲುಬು. ರಾಜಭಂಡಾರ ಧರ್ಮಪೀಠಕ್ಕೆ ತೀರಿಸಬೇಕಾದ ಸಾಲ 9 ಲಕ್ಷ ಚಿನ್ನದ ನಾಣ್ಯಕ್ಕೂ ಮೇಲೆ. ಅದನ್ನು ಮನ್ನಾ ಮಾಡಿಸಿಕೊಳ್ಳಲು ಹೋಗಿ ಅವಳು ಧರ್ಮಪೀಠಕ್ಕೆ ಮತ್ತೆ ಆಯುಧ ಹಿಡಿಯುವ ಹಕ್ಕು ಕೊಡುತ್ತಾಳೆ. ಆಮೇಲೆ ತನ್ನ ಪ್ರಿಯಕರರಲ್ಲೊಬ್ಬನಿಗೆ, ಮಾರ್ಜರಿಯ ಜೊತೆ ಮಲಗಿದ್ದೆ ಎಂದು ಸುಳ್ಳು ತಪ್ಪೊಪ್ಪಿಗೆ ಕಲಿಸಿ ಆ ಪೀಠದ ಮುಂದೆ ಕಳಿಸುತ್ತಾಳೆ. ಪೀಠಾಧಿಪತಿ ಅವನಿಗೆ ಚಾಟಿ ಏಟು ಹಾಕಿಸಿದಾಗ ಅವನ ಬಾಯಿಂದ ಬಂದದ್ದು ಸೆರ್ಸಿಯ ಹೆಸರು. ತಾನೇ ಕತ್ತಿ ಕೊಟ್ಟವರ ಸೆರೆಮನೆಗೆ ತಾನೇ ಬೀಳುತ್ತಾಳೆ. ಮುಂದಿನ ಪುಸ್ತಕದಲ್ಲಿ ತಲೆ ಬೋಳಿಸಿಕೊಂಡು ಬೆತ್ತಲೆ ನಡೆಯುವ ಪ್ರಾಯಶ್ಚಿತ್ತ. 1483ರಲ್ಲಿ ಲಂಡನ್ನಿನ ಬೀದಿಯಲ್ಲಿ ನಾಲ್ಕನೆಯ ಎಡ್ವರ್ಡ್‌ನ ಪ್ರೇಯಸಿ ಜೇನ್ ಶೋರ್‌ಗೆ ಆದ ಶಿಕ್ಷೆ ಇದರ ಹಿಂದಿದೆ.

ಓದುಗರಲ್ಲಿ ಹೆಚ್ಚಿನವರು ಮಾರ್ಜರಿಯನ್ನು ದಾರಿ ತಪ್ಪಿಸಲು ಇಟ್ಟ ಪಾತ್ರವೆಂದು ತಳ್ಳಿಹಾಕುತ್ತಾರೆ. ಸೆರ್ಸಿ ನಂಬಿದ್ದು ತಪ್ಪಿರಲೇಬೇಕು ಎಂಬುದು ಅವರ ಒಂದೇ ಆಧಾರ. ಅದು ಸಾಲದು. ಮಾರ್ಜರಿ ಬೆರಳೆತ್ತದೆಯೇ, ಅವಳ ಭಯದಿಂದಲೇ ಸೆರ್ಸಿ ಕೆಳಗುರುಳಿದ್ದು ಕಣ್ಣ ಮುಂದಿದೆ. ಕಂಸನಿಗಾದರೂ ಎಂಟನೆಯ ಗರ್ಭ ಎಂದು ಲೆಕ್ಕ ಸಿಕ್ಕಿತ್ತು, ಕಾವಲು ಯಾರಿಗೆ ಹಾಕಬೇಕೆಂದು ಗೊತ್ತಿತ್ತು. ಸೆರ್ಸಿಗೆ ಸಿಕ್ಕಿದ್ದು ಪ್ರಾಯ ಮತ್ತು ಚೆಲುವು ಮಾತ್ರ. ಅವೆರಡೂ ಇರುವ ಯಾವ ಹೆಣ್ಣೂ ಅವಳಿಗೆ ವೈರಿಯೇ. ಹೆಸರು ಹೇಳದಿರುವುದರಲ್ಲೇ ಈ ಕಣಿಯ ಬಲವೆಲ್ಲ ಇದೆ. ಕಣಿಯ ಮುಖ್ಯ ಕೆಲಸ ಆಗಿಹೋಗಿದೆ, ಉಳಿದಿರುವುದು ಕೊನೆಗೆ ಆ ಜಾಗದಲ್ಲಿ ಯಾರು ನಿಲ್ಲುತ್ತಾರೆ ಎಂಬುದಷ್ಟೇ ಎಂದು ನನ್ನ ಓದು. ಹುರಿಯಾಳುಗಳ ಪಟ್ಟಿ ಹಿಡಿದು ಒಬ್ಬೊಬ್ಬಳ ರೂಪ ಅಳೆಯುವ ಅಭಿಮಾನಿಯೂ ಗೊತ್ತಿಲ್ಲದೆ ಸೆರ್ಸಿಯ ಕೆಲಸವನ್ನೇ ಮಾಡುತ್ತಿದ್ದಾನೆ.

ಜನಪ್ರಿಯತೆಯಲ್ಲಿ ಮೊದಲ ಸ್ಥಾನ ಡನೇರಿಸ್ ಟಾರ್ಗೇರಿಯನ್‌ಗೆ. ಅವಳು ರಾಣಿ, ಚಿಕ್ಕವಳು, ಸುಂದರಿ. ಸಾಲದ್ದಕ್ಕೆ ಮೂರು ಡ್ರಾಗನ್. ಈ ವಾದಕ್ಕೆ ಜೀವ ಬರುವುದು ಒಂದು ಚಿಕ್ಕ ಸನ್ನಿವೇಶದಿಂದ. ಕಾರ್ತ್ ನಗರದಲ್ಲಿ ಮೂರು ತಲೆಯ ಡ್ರಾಗನ್ ಹುಟ್ಟಿದೆಯಂತೆ ಎಂದು ಸೆರ್ಸಿಯ ಬೇಹುಗಾರ ಕ್ವೈಬರ್ನ್, ನಾವಿಕರ ಗಾಳಿಸುದ್ದಿ ತಂದು ಮುಟ್ಟಿಸಿದರೆ ಸೆರ್ಸಿ ಬೇಸರದಿಂದ ಮಾತು ತುಂಡರಿಸುತ್ತಾಳೆ. ಅರಮನೆಯೊಳಗಿನ ಹುಡುಗಿಯ ಹಿಂದೆ ಬಿದ್ದವಳಿಗೆ ಸಮುದ್ರದಾಚೆಯ ರಾಣಿ ಕಾಣಿಸುವುದಿಲ್ಲ. ವ್ಯಂಗ್ಯ ಸೊಗಸಾಗಿದೆ, ಒಪ್ಪೋಣ. ಆದರೆ ಐದನೆಯ ಪುಸ್ತಕ ಮುಗಿಯುವಾಗ ಡನೇರಿಸ್ ಇರುವುದು ದೂರದ ಹುಲ್ಲುಗಾವಲಿನಲ್ಲಿ, ದೊಥ್ರಾಕಿ ಸವಾರರ ನಡುವೆ. ಅವಳು ಬಂದು ತಲುಪುವಷ್ಟರಲ್ಲಿ ಕಿತ್ತುಕೊಳ್ಳಲು ಸೆರ್ಸಿಯ ಬಳಿ ಏನು ಉಳಿದಿರುತ್ತದೆ?

ಸಾನ್ಸಾಳ ಪರವಾದ ವಾದ ನನಗೆ ಇದಕ್ಕಿಂತ ಹಿಡಿಸುತ್ತದೆ. ಸೆರ್ಸಿಯ ಕೈಕೆಳಗೇ ಬೆಳೆದವಳು, ಅವಳಿಂದಲೇ ರಾಜಕೀಯ ಕಲಿತವಳು; ಗುರುವಿಗೆ ತಿರುಮಂತ್ರ ಹಾಕುವ ಶಿಷ್ಯೆ ಕಥೆಗೆ ಚೆನ್ನಾಗಿ ಒಪ್ಪುತ್ತಾಳೆ. ತೊಡಕು ವಯಸ್ಸಿನದು. ನಾಲ್ಕನೆಯ ಪುಸ್ತಕದಲ್ಲಿ ಅವಳಿಗಿನ್ನೂ 13. ಮೂರನೆಯ ಪುಸ್ತಕದ ನಂತರ ಕಥೆ ಐದು ವರ್ಷ ಮುಂದಕ್ಕೆ ಜಿಗಿಯಬೇಕೆಂಬುದು ಮಾರ್ಟಿನ್ ಅವರ ಮೊದಲ ಲೆಕ್ಕವಾಗಿತ್ತು. ಆಮೇಲೆ ಅದನ್ನು ಕೈಬಿಟ್ಟರು. ಜಿಗಿತ ಉಳಿದಿದ್ದರೆ ಸಾನ್ಸಾ ಹದಿನೆಂಟರ ತರುಣಿಯಾಗಿರುತ್ತಿದ್ದಳು, ಡನೇರಿಸ್ ಇಪ್ಪತ್ತು ದಾಟಿರುತ್ತಿದ್ದಳು, ಮೂವತ್ತು ದಾಟಿದ ಸೆರ್ಸಿ ನಲವತ್ತರ ಹತ್ತಿರ. ಕಿರಿಯ ರಾಣಿಯರ ಪಟ್ಟಿ ತಾನಾಗಿಯೇ ತುಂಬುತ್ತಿತ್ತು. ಈಗ ಎಲ್ಲರೂ ಎಳೆಯರಾಗಿಯೇ ಉಳಿದಿದ್ದಾರೆ. ಸಾನ್ಸಾ ಗೆಲ್ಲಬೇಕೆಂದರೆ ಅವಳೀಗ ಅಡಗಿರುವ ವೇಲ್ ಕಣಿವೆಯ ಸೈನ್ಯ ಅವಳ ಬೆನ್ನಿಗೆ ನಿಲ್ಲಬೇಕು, ಅದೂ ಬೇಗ.

ಬ್ರಿಯೆನ್‌ಳ ಹೆಸರು ಮೇಲ್ನೋಟಕ್ಕೆ ತಮಾಷೆ ಅನಿಸಬಹುದು. ಆಳೆತ್ತರದ, ಮುಖ ಒರಟಾದ ಈ ಯೋಧೆಯನ್ನು ಗಂಡಸರು ಗೇಲಿಗಾಗಿ ‘ಸುಂದರಿ’ ಎಂದು ಕರೆಯುತ್ತಾರೆ. ರಾಣಿಯಂತೂ ಅಲ್ಲವೇ ಅಲ್ಲ. ಆದರೆ ಸೆರ್ಸಿಗೆ ಪ್ರಿಯವಾದದ್ದು ಎಂದರೆ ಮೊದಲು ಜೇಮಿ. ಸೆರೆಮನೆಯಿಂದ ಅವಳು ಬೇಡಿಕೊಂಡು ಬರೆದ ಪತ್ರವನ್ನು ರಿವರ್‌ರನ್ ಕೋಟೆಯಲ್ಲಿ ಹಿಮ ಬೀಳುತ್ತಿರುವಾಗ ಓದಿದ ಜೇಮಿ, ಅದನ್ನು ಬೆಂಕಿಗೆ ಹಾಕಿಸುತ್ತಾನೆ. ಮುಂದಿನ ಪುಸ್ತಕದಲ್ಲಿ ಅವನು ಎದ್ದು ಹೋಗುವುದು ಬ್ರಿಯೆನ್ ಕರೆದಾಗ. ಗೇಲಿಯ ಬಿರುದೇ ಕಣಿಯನ್ನು ನಿಜ ಮಾಡಿದರೆ ಅದು ಹೋಟೆಲಿನ ಫಲಕದ ಕೋಟೆಯ ಜಾತಿಯದೇ. ಊಹೆಯಾಗಿ ಬಲು ಚಂದ, ಆದರೆ ಕೆಳಗುರುಳಿಸುವ ಮಾತಿಗೆ ಇಲ್ಲಿ ಜಾಗವಿಲ್ಲ.

ಕಣಿ ಹೇಳಿದ ಮುದುಕಿಯ ಮರಿಮಗಳು ಜೇನ್ ವೆಸ್ಟರ್ಲಿಂಗ್ ರಾಬ್ ಸ್ಟಾರ್ಕನ ರಾಣಿಯಾಗಿದ್ದಳು ಎಂಬುದನ್ನು ಹಿಡಿದು ನೇತಾಡುವವರೂ ಇದ್ದಾರೆ. ಸೆರ್ಸಿಯ ಸ್ವಂತ ಮಗಳು ಮಿರ್ಸೆಲಾಳೇ ಆ ಇನ್ನೊಬ್ಬಳು ಎನ್ನುವವರೂ ಇದ್ದಾರೆ. ಇವಕ್ಕೆ ಹೆಚ್ಚು ಪುಟ ಬೇಡ. ಮಿರ್ಸೆಲಾಳ ಹೆಸರು ಮಾತ್ರ ಮತ್ತೆ ಬೇಕಾಗುತ್ತದೆ.

ಕಣಿಯ ಬಾಲದಲ್ಲಿರುವ ‘ತಮ್ಮ’ನ ಮೇಲೂ ಇಷ್ಟೇ ಜಗ್ಗಾಟ. ಸೆರ್ಸಿಯ ಪ್ರಕಾರ ಅದು ಕುಳ್ಳ ಟಿರಿಯನ್. ಅವಳಿ ಹುಟ್ಟಿದಾಗ ಅವಳ ಕಾಲು ಹಿಡಿದು ಹಿಂದೆಯೇ ಬಂದ ಜೇಮಿಯೂ ತಮ್ಮನೇ ಎಂಬುದು ಹೆಚ್ಚಿನವರ ಮತ. ಒಂಟಿಗೈಯವನು ಕತ್ತು ಹಿಸುಕುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು, ಟಿರಿಯನ್ ತನ್ನ ಪ್ರೇಯಸಿ ಶೇಯ ಕತ್ತನ್ನು ಹಸ್ತಗಳ ಆಕಾರದ ಚಿನ್ನದ ಸರದಿಂದಲೇ ಬಿಗಿದದ್ದನ್ನು ನೆನಪಿಸುತ್ತಾರೆ. ಜೇಮಿಗೂ ಈಗ ಚಿನ್ನದ ಕೈಯೊಂದಿದೆ. ‘ವ್ಯಾಲೊಂಕಾರ್’ ಪದ ಬಂದ ವ್ಯಾಲಿರಿಯನ್ ಭಾಷೆಯಲ್ಲಿ ಲಿಂಗಭೇದವಿಲ್ಲ, ಆದ್ದರಿಂದ ಸಾನ್ಸಾಳ ತಂಗಿ ಆರ್ಯಾ ಕೂಡ ಆಗಬಹುದು ಎಂಬ ವಾದ ಹುಟ್ಟಿದ್ದು ‘ರಾಜಕುಮಾರ’ ಎಂಬ ಬೇರೆ ಭವಿಷ್ಯವಾಣಿಯ ಬಗ್ಗೆ ಮುದಿ ಪಂಡಿತ ಏಮನ್ ಆಡಿದ ಮಾತಿನಿಂದ. ಟಿವಿ ಸರಣಿಗಾಗಿ ಆ ಭಾಷೆಯನ್ನು ಕಟ್ಟಿದ ಡೇವಿಡ್ ಪೀಟರ್ಸನ್ ತಂಗಿಗೆ ಬೇರೆಯೇ ಪದ ಇಟ್ಟಿದ್ದಾರೆ. ಜೇಮಿಯ ಪಕ್ಷವೇ ಗಟ್ಟಿ.

ಟಿವಿಯ ‘ಗೇಮ್ ಆಫ್ ಥ್ರೋನ್ಸ್’ 2011ರಿಂದ 2019ರ ತನಕ 73 ಕಂತುಗಳಲ್ಲಿ ಓಡಿತು. ಐದನೆಯ ಸೀಸನ್ ಶುರುವಾಗುವುದೇ ಈ ಗುಡಾರದ ದೃಶ್ಯದಿಂದ, 2015ರ ಏಪ್ರಿಲ್‌ನಲ್ಲಿ. ಅಲ್ಲಿ ರಾಜನ ಮಕ್ಕಳು 16 ಅಲ್ಲ, 20. ತಮ್ಮನ ಮಾತು ಪೂರ್ತಿ ಮಾಯ. ಸೆರ್ಸಿಗೆ ರಾಬರ್ಟನಿಂದ ಹುಟ್ಟಿ ತೀರಿಕೊಂಡ ಒಂದು ಮಗುವಿತ್ತೆಂದು ಮೊದಲ ಸೀಸನ್ನಿನಲ್ಲೇ ಹೇಳಿಬಿಟ್ಟಿದ್ದರಿಂದ ‘ಮೂರು ಮಕ್ಕಳು’ ಎಂಬ ಲೆಕ್ಕವೂ ತಪ್ಪುತ್ತದೆ. ಕಣಿಯನ್ನು ಆಮೇಲೆ ತಂದು ಅಂಟಿಸಿದವರಿಗೆ ಹಿಂದಿನದು ಮರೆತಿತ್ತೋ ಏನೋ. 2016ರಲ್ಲಿ ಸೆರ್ಸಿ ಮಾರ್ಜರಿಯನ್ನು ದೇವಾಲಯದ ಸಮೇತ ಸುಟ್ಟಳು, ಅದನ್ನು ಕಂಡ ಟಾಮೆನ್ ಕಿಟಕಿಯಿಂದ ಹಾರಿದ. ಪ್ರಿಯವಾದದ್ದನ್ನು ಕಿತ್ತುಕೊಂಡದ್ದು ಅವಳ ಕೈಯೇ. 2019ರ ಮೇ ತಿಂಗಳಲ್ಲಿ ಡನೇರಿಸ್ ಊರನ್ನು ಬೂದಿ ಮಾಡಿದಳು, ಸೆರ್ಸಿ ಜೇಮಿಯ ತೋಳಿನಲ್ಲಿ ಕೋಟೆಯ ಕಲ್ಲಡಿ ಸತ್ತಳು, ಮುಂದಿನ ವಾರ ಸಾನ್ಸಾ ಉತ್ತರದ ರಾಣಿಯಾದಳು. ಮೂರೂ ಪಕ್ಷದ ಅಭಿಮಾನಿಗಳು ಗೆದ್ದೆವೆಂದರು. ಅಪ್ಪಿಕೊಂಡ ತೋಳನ್ನೇ ಕತ್ತಿಗೆ ಬಿದ್ದ ಕೈ ಎಂದು ಅರ್ಥ ಮಾಡಿದವರೂ ಇದ್ದಾರೆ. ನನಗಂತೂ ಅದು ಸೋತ ಮೇಲೆ ಮಾಡುವ ಸಮಜಾಯಿಷಿಯಂತೆ ಕಂಡಿತು.

ಭವಿಷ್ಯವಾಣಿಯನ್ನು ಆಮೇಲೆ ತಂದು ಅಂಟಿಸುವ ಇದೇ ಹೊಲಿಗೆಯನ್ನು 2022ರ ಟಿವಿ ಸರಣಿ ‘ಹೌಸ್ ಆಫ್ ದ ಡ್ರಾಗನ್’ ಇನ್ನಷ್ಟು ಬಿಗಿಯಾಗಿ ಹಾಕಿತು. ಮೂಲವಾದ ‘ಫೈರ್ ಅಂಡ್ ಬ್ಲಡ್’ (2018) ಒಂದು ಚರಿತ್ರೆಯ ಧಾಟಿಯ ಪುಸ್ತಕ. ಅದರಲ್ಲಿ ಆಲಿಸೆಂಟ್ 18ರ ಪ್ರಾಯದಲ್ಲಿ ರಾಜನ ಎರಡನೆಯ ಹೆಂಡತಿಯಾಗಿ ಬರುವಾಗ ಮಲಮಗಳು ರೆನೇರಾ ಇನ್ನೂ ಸಣ್ಣ ಹುಡುಗಿ. ಜಗಳ ಶುದ್ಧ ಪಟ್ಟದ ಜಗಳ. ಟಿವಿಯಲ್ಲಿ ಇಬ್ಬರೂ ಓರಗೆಯ ಗೆಳತಿಯರು. ಸಾಯುವ ರಾಜ ಪೂರ್ವಜ ಏಗಾನ್ ಕಂಡ ಕನಸಿನ ಬಗ್ಗೆ ತೊದಲಿದ್ದನ್ನು ಆಲಿಸೆಂಟ್ ತನ್ನ ಮಗ ಏಗಾನ್‌ಗೆ ಪಟ್ಟ ಕಟ್ಟು ಎಂದು ಕೇಳಿಸಿಕೊಳ್ಳುತ್ತಾಳೆ. ಆ ಪುಸ್ತಕದಲ್ಲಿ ಇದಿಲ್ಲ. ಇಬ್ಬರು ರಾಣಿಯರ ವೈರಕ್ಕೆ ಆಸ್ತಿ, ಹಕ್ಕು, ಮಕ್ಕಳು ಸಾಲದೆ ಒಂದು ತಪ್ಪಾಗಿ ಕೇಳಿದ ಭವಿಷ್ಯವೂ ಬೇಕಾಯಿತು. ಇದರಿಂದ ಆಲಿಸೆಂಟ್‌ಳ ತಪ್ಪು ಹಗುರವಾಯಿತು, ಕಥೆಯೂ ಹಗುರವಾಯಿತು. ಸೆರ್ಸಿ ಕಣಿಯನ್ನು ಸರಿಯಾಗಿಯೇ ಕೇಳಿಸಿಕೊಂಡು ಕೆಟ್ಟವಳು. ಅದು ಇದಕ್ಕಿಂತ ಮೇಲು.

ಮತ್ತೆ ಪುಸ್ತಕದ ಪ್ರಶ್ನೆಗೆ. ಟಿವಿ ಉತ್ತರ ಪುಸ್ತಕಕ್ಕೆ ಹೊಂದದಿರಲು ಒಂದು ಸಾದಾ ಕಾರಣವಿದೆ: ಎರಡು ಪಾತ್ರಗಳನ್ನು ಟಿವಿ ತಂದೇ ಇಲ್ಲ. ಒಬ್ಬ, ರೇಗಾರ್‌ನ ಮಗ ತಾನೆಂದು ಹೇಳಿಕೊಂಡು ಗೋಲ್ಡನ್ ಕಂಪನಿಯ ಬಾಡಿಗೆ ಸೈನ್ಯದೊಂದಿಗೆ ‘ಎ ಡಾನ್ಸ್ ವಿತ್ ಡ್ರಾಗನ್ಸ್’ನಲ್ಲಿ ದಡ ಸೇರಿದ ಯುವಕ ಏಗಾನ್. ಇನ್ನೊಬ್ಬಳು ಡಾರ್ನ್ ಸೀಮೆಯ ರಾಜಕುಮಾರಿ ಆರಿಯಾನ್ ಮಾರ್ಟೆಲ್. 23ರ ಪ್ರಾಯ, ಚೆಲುವೆ, ಹಟಮಾರಿ. ಹಿರಿಯ ಮಗುವಿಗೇ, ಅದು ಹೆಣ್ಣಾದರೂ, ಪಟ್ಟ ಸಲ್ಲಬೇಕೆಂಬ ತನ್ನ ಸೀಮೆಯ ಕಾನೂನು ಹಿಡಿದು ಮಿರ್ಸೆಲಾಗೆ ಕಿರೀಟ ತೊಡಿಸಲು ಹೊರಟವಳು ಇವಳೇ. ಆ ಗಲಾಟೆಯಲ್ಲಿ ಹುಡುಗಿ ಒಂದು ಕಿವಿ ಕಳೆದುಕೊಂಡಳು. ಈಗ ಮಿರ್ಸೆಲಾ ರಾಜಧಾನಿಗೆ ಮರಳುವುದು ಆರಿಯಾನ್‌ಳ ಸೋದರಸಂಬಂಧಿಗಳ ಬೆಂಗಾವಲಿನಲ್ಲಿ. ‘ವಿಂಡ್ಸ್’ನಿಂದ ಈವರೆಗೆ ಪ್ರಕಟವಾದ ಮಾದರಿ ಅಧ್ಯಾಯಗಳಲ್ಲಿ ಆರಿಯಾನ್ ಏಗಾನ್‌ನನ್ನು ಕಾಣಲು ಹೊರಟಿದ್ದಾಳೆ. ಏಗಾನ್ ಇರುವಲ್ಲಿಂದ ರಾಜಧಾನಿ ದೂರವಿಲ್ಲ. ಡ್ರಾಗನ್‌ಗಳು ಸಮುದ್ರ ದಾಟುವ ಮೊದಲೇ ಅವನು ಬಾಗಿಲು ಬಡಿಯಬಹುದು. ಅವನ ಪಕ್ಕದಲ್ಲಿ ರಾಣಿಯಾಗಿ ಆರಿಯಾನ್ ಇದ್ದರೆ ಸಿಂಹಾಸನವೂ, ಸೆರ್ಸಿಯ ಉಳಿದ ಮಕ್ಕಳ ಜೀವವೂ ಡಾರ್ನ್‌ನ ಮುಷ್ಟಿಯಲ್ಲಿ. ಇಷ್ಟು ವರ್ಷದ ಪಟ್ಟಿಗಳಲ್ಲಿ ಆರಿಯಾನ್‌ಳ ಹೆಸರು ಕೆಳಗಿನ ಸಾಲಿನಲ್ಲೇ ಉಳಿದಿದೆ. ಸೆರ್ಸಿಯಂತೂ ಡಾರ್ನ್‌ನ ಆ ಹುಡುಗಿಯ ಕಡೆ ತಲೆಯೇ ಕೆಡಿಸಿಕೊಂಡಿಲ್ಲ.